ಅಕ್ಕಿಯೊಳಗಿನ ಸೀಸೆ

ಮಡಗಾವದ ಬಸ್ಸು ಮಾಜಾಳಿ ದಾಟಿ
ಕಾಳಿ ಸೇತುವೆ ಹತ್ತುವ ಹೊತ್ತು
ಪಕ್ಕದ ಸೀಟಿನ ಹೆಂಗಸು ನಿದ್ದೆಯಲ್ಲಿ
ಹೆಗಲು ಬದಲಿಸಿದಳು, ಅಷ್ಟೆ.
ನಾನಿಳಿಯಬೇಕಾದ್ದು ಕೋಡಿಬಾಗ.
ಇಳಿದದ್ದು ಪೇಟೆಯ ಸ್ಟ್ಯಾಂಡಿನಲ್ಲಿ, ಅವಳ ಹಿಂದೆ.

ಕೇಳಿಯೇಬಿಟ್ಟೆ. ನಾಚಿಕೆಯೆಂಬುದು
ಮೂಗಿಗೆ ಇರುವುದಿಲ್ಲ ನೋಡಿ.
ಅವಳು ನಕ್ಕು ಟಿಕೆಟ್ಟಿನ ಬೆನ್ನಿಗೆ ಬರೆದಳು
ಅರ್ಧ ಅಕ್ಷರ ನುಂಗಿಯೇ ಹೇಳಬೇಕಾದ ಒಂದು ಹೆಸರು.
ಬೆಲೆ ಮಾತ್ರ ಪೂರ್ತಿ ಉಚ್ಚರಿಸಿದಳು:
ಇಪ್ಪತ್ತಾರು ಸಾವಿರ.

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವಳು ನಾನು.
ಇಪ್ಪತ್ತಾರು ಸಾವಿರಕ್ಕೆ
ಎಷ್ಟು ಬ್ಲಾಕು ಬರುತ್ತದೆಂದು ಗೊತ್ತು,
ಎಷ್ಟು ಹೊತ್ತಿಗೆ ಕರಗುತ್ತದೆಂದೂ.

ಮೊದಲು ಎರಡೇ ಎಂ.ಎಲ್. ಸ್ಯಾಂಪಲ್ಲು ತರಿಸಿದೆ,
ಫ್ಯಾಕ್ಟರಿ ವಿಳಾಸಕ್ಕೆ, ಮನೆಗಲ್ಲ.

ಹಚ್ಚಿದೊಡನೆ ಕಂಚಿಕಾಯಿ:
ಸಿಪ್ಪೆ ಮಡಚಿ ದೀಪದ ಕುಡಿಗೆ ಹಿಂಡಿದರೆ
ಚಟಚಟ ಉರಿಯುವುದಲ್ಲ, ಆ ಕಿಡಿ, ಆ ಕಹಿ.
ನಿಲ್ಲುವುದಿಲ್ಲ ಅದು. ಅತ್ತ ಸರಿಯುತ್ತದೆ.
ಆಮೇಲೊಂದು ತಣ್ಣಗಿನ ಕಬ್ಬಿಣ.
ಕೆಲಸಕ್ಕೆ ಸೇರಿದ ಹೊಸತರಲ್ಲಿ
ಕೊಳವೆಗೆ ಕೂತ ಬಿಳಿ ಹಿಮಕ್ಕೆ
ಯಾರಿಗೂ ಕಾಣದಂತೆ ನಾಲಿಗೆ ತಾಗಿಸಿದ್ದೆ,
ಅದನ್ನು ಫ್ರಾನ್ಸಿನವರಿಗೆ ಯಾರು ಹೇಳಿದರು?
ಮಧ್ಯಾಹ್ನಕ್ಕೆ ಹೂವು. ಯಾವುದೆಂದು ಹೇಳಲಾರೆ,
ಸುರಗಿಯಲ್ಲ, ಒಣಗಿದ ಸುರಗಿ
ವರ್ಷವಿಡೀ ಮಲಗಿದ್ದ ಪೆಟ್ಟಿಗೆ.
ಅದರಡಿಯಲ್ಲಿ, ಹೇಳಬಾರದು, ಸ್ವಲ್ಪ ಹೊಲಸು:
ಪುನುಗು, ಬೆವರು, ಬೆಕ್ಕು ಮಲಗೆದ್ದ ಗೋಣಿ.
ಆ ಹೊಲಸಿಗೇ ನಾನು ಸೋತದ್ದು.

ರಾತ್ರಿ ಮಣಿಕಟ್ಟಿನಲ್ಲಿ ಉಳಿದಿತ್ತು
ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯ ಬಿಸಿ.

ಪರಿಮಳ ಅನ್ನಲೇ? ಅದು ಊದುಬತ್ತಿ ಪಾಕೀಟಿನ ಮಾತು.
ಘಮ ಒಗ್ಗರಣೆಯದು.
ನಾತ ಬಂದರದ್ದು, ಅದರಲ್ಲಿ ನಮ್ಮ ಅನ್ನವಿದೆ.
ಇದಕ್ಕೊಂದು ಶಬ್ದ ಹುಡುಕುತ್ತ
ಆ ದಿನ ಒಂದು ಟ್ರಾಲರಿನ ಬಾಕಿಯನ್ನು
ಇನ್ನೊಂದರ ಖಾತೆಗೆ ಬರೆದೆ.

ನಾಲ್ಕು ಸಾವಿರ ಬಿಟ್ಟುಕೊಟ್ಟು ಚೀಟಿ ಎತ್ತಿದೆ.
ಪ್ರೇಮಾನಂದನಿಗೆ ಹೇಳಿದೆ: ಹಲ್ಲಿನದು,
ಬೇರು ಕೊಳೆತಿದೆಯಂತೆ, ಎರಡು ಹಲ್ಲು.
ಪಾಪ, ಹದಿನೈದು ದಿನ
ನನ್ನ ಬಟ್ಟಲಿನ ಮೀನಿನ ಮುಳ್ಳು ಬಿಡಿಸಿಕೊಟ್ಟ.

ಸೀಸೆಯನ್ನು ಕುಚ್ಚಲಕ್ಕಿ ಡಬ್ಬದಲ್ಲಿ ಹುಗಿದೆ.
ಬಿಸಿಲು ತಾಗಬಾರದಂತೆ. ಕಣ್ಣೂ.
ಅಕ್ಕಿ ಅಳೆಯುವವಳು ಹೇಗೂ ನಾನೇ.
ಮಟ್ಟಕ್ಕೆ ಸರಿಯಾಗಿ ನೇಲ್ ಪಾಲಿಶ್ಶಿನ ಕೆಂಪು ಗೆರೆ ಎಳೆದೆ:
ವಾರಕ್ಕೊಂದು ಸಲ, ರವಿವಾರ, ಒಂದೇ ಒತ್ತು.

ಮೂರನೇ ದಿನ ಗಂಜಿ ಉಣ್ಣುತ್ತಿದ್ದ ಅತ್ತೆಯ ಕೈ ನಿಂತಿತು.
ಅತ್ತೆಗೆ ಮೂಗೇ ತಕ್ಕಡಿ,
ಬಂಗಡೆಯ ಕಿವಿರು ಎತ್ತದೆ ಹೇಳುವರು
ಇದು ನಿನ್ನೆಯದು, ಇದು ಮೊನ್ನೆಯದು, ಇದು ಸುಳ್ಳು.
"ಅಂಗಡಿ ಬದಲಿಸಿದೆಯಾ?" ಎಂದರು.
ಹೂಂ ಎಂದೆ.
ಇನ್ನೊಂದು ಸೌಟು ಬಡಿಸಿಕೊಂಡರು.

ನಿನ್ನೆ ಅಕ್ಕಿಯೊಳಗೆ ಕೈಹಾಕಿ ಎತ್ತಿ ನೋಡಿದರೆ
ಗೆರೆಯಿಂದ ಒಂದು ಬೆರಳು ಕೆಳಗಿದೆ.
ಹನ್ನೊಂದು ರವಿವಾರ, ಹನ್ನೊಂದು ಒತ್ತು,
ಉಗುರಿನಷ್ಟೂ ಇಳಿಯುವಂತಿಲ್ಲ.
ಟ್ರಾಲರಿನ ಲೆಕ್ಕ ತಪ್ಪಬಹುದು, ಇದು ತಪ್ಪದು.

ಪ್ರೇಮಾನಂದನ ಕತ್ತು ಮೂಸಿದೆ: ಡೀಸೆಲ್ಲು, ಗ್ರೀಸು.
ಅವನು ಬೇರೆಯೇ ಅರ್ಥ ಮಾಡಿಕೊಂಡು ದೀಪ ಆರಿಸಿದ.
ಮಗಳ ಜಡೆ: ಶಾಂಪೂ, ಪೆನ್ಸಿಲ್ಲಿನ ಹೊಟ್ಟು.
ಬೆಳಿಗ್ಗೆ ಒಲೆಯೆದುರು ಅತ್ತೆ.
ಉಪ್ಪಿನ ಡಬ್ಬಿ ಹುಡುಕುವವಳಂತೆ ಹಿಂದೆ ನಿಂತು ಬಗ್ಗಿದೆ.
ಕೊಬ್ಬರಿ ಎಣ್ಣೆ, ನಶ್ಯ,
ಅದರಡಿಯಲ್ಲಿ, ಕಿವಿಯ ಹಿಂದಿನ ಸುಕ್ಕಿನಲ್ಲಿ,

ಅವರು ತಿರುಗಲಿಲ್ಲ. ಸೌಟು ನಿಲ್ಲಿಸದೆಯೇ
"ಗಂಜಿ ಉಕ್ಕುತ್ತದೆ, ಆಚೆ ಸರಿ" ಎಂದರು.